ಟ್ರೊಮ್ಸೊದಿಂದ ಲಾಂಗಿಯರ್‌ಬ್ಯೆನ್‌ಗೆ ವಿಮಾನ: ದೂರ, ಸಮಯ ಮತ್ತು ಪದೇ ಪದೇ ಕೇಳುವ ಪ್ರಶ್ನೆಗಳು

ನಾರ್ವೆಯ ಉತ್ತರ ಕರಾವಳಿಯ ಟ್ರೊಮ್ಸೊ ಊರಿನಿಂದ ಸ್ವಾಲ್ಬಾರ್ಡ್ ದ್ವೀಪಸಮೂಹದ ಲಾಂಗಿಯರ್‌ಬ್ಯೆನ್‌ಗೆ ಸುಮಾರು 960 ಕಿಲೋಮೀಟರ್. ವಿಮಾನದಲ್ಲಿ ಒಂದೂವರೆ ಗಂಟೆಗಿಂತ ತುಸು ಹೆಚ್ಚು. ಅವಸರದಲ್ಲಿರುವವರಿಗೆ ಇಷ್ಟು ಸಾಕು. ಟಿಕೆಟ್ ಕೊಳ್ಳುವ ಯೋಚನೆಯಲ್ಲಿರುವವರು ಮುಂದೆ ಓದುವುದು ಒಳ್ಳೆಯದು. ಈ ದಾರಿಯಲ್ಲಿ ಕಿಲೋಮೀಟರ್ ಸುಲಭದ ಲೆಕ್ಕ, ಗಂಟೆಯ ಲೆಕ್ಕವೇ ಕಷ್ಟದ್ದು.

ಎರಡು ನಿಲ್ದಾಣಗಳ ನಡುವಿನ ನೇರ ವೈಮಾನಿಕ ದೂರ ಎಷ್ಟು?

958ರಿಂದ 961 ಕಿಲೋಮೀಟರ್. ವಿಮಾನದವರ ಅಳತೆಯಲ್ಲಿ ಹೇಳುವುದಾದರೆ 520 ನಾಟಿಕಲ್ ಮೈಲಿಗೆ ಒಂದೆರಡು ಕಡಿಮೆ. ಟ್ರೊಮ್ಸೊ ನಿಲ್ದಾಣದ ಸಂಕೇತ ಟಿಒಎಸ್, ಲಾಂಗಿಯರ್‌ಬ್ಯೆನ್‌ನದು ಎಲ್‌ವೈಆರ್. ಬೆಂಗಳೂರು–ಮುಂಬೈ ನೇರ ದೂರಕ್ಕಿಂತ ನೂರಿಪ್ಪತ್ತೈದು ಕಿಲೋಮೀಟರ್‌ನಷ್ಟು ಹೆಚ್ಚು ಎಂದುಕೊಂಡರೆ ಅಂದಾಜು ಸಿಗುತ್ತದೆ. ಆದರೆ ಬೆಂಗಳೂರು–ಮುಂಬೈ ನಡುವೆ ವಿಮಾನ ಇಳಿಸಲು ಊರಿಗೊಂದು ಜಾಗವಿದೆ. ಇಲ್ಲಿ ನಡುವೆ ಇರುವುದು ಸಮುದ್ರ, ಅದರ ಮಧ್ಯೆ ಬ್ಯೋರ್ನೋಯಾ ಎಂಬ ಕರಡಿ ದ್ವೀಪ. ಅಲ್ಲಿರುವುದು ಒಂದು ಹವಾಮಾನ ಕೇಂದ್ರ ಮಾತ್ರ.

ಈ ದೂರವನ್ನು ನಾವೇ ಲೆಕ್ಕ ಹಾಕಬಹುದೇ?

ಧಾರಾಳವಾಗಿ. ಕಾಗದ, ಪೆನ್ಸಿಲ್ ಸಾಕು. ಈ ಜೋಡಿ ಊರುಗಳನ್ನು ಲೆಕ್ಕದ ಮೇಷ್ಟ್ರೇ ಆರಿಸಿಟ್ಟಂತಿದೆ, ಏಕೆಂದರೆ ಎರಡೂ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ.

ಟ್ರೊಮ್ಸೊ ನಿಲ್ದಾಣ 69 ಡಿಗ್ರಿ 41 ಮಿನಿಟು ಉತ್ತರ ಅಕ್ಷಾಂಶದಲ್ಲಿದೆ, ಲಾಂಗಿಯರ್‌ಬ್ಯೆನ್ 78 ಡಿಗ್ರಿ 15 ಮಿನಿಟಿನಲ್ಲಿ. ಕಳೆದರೆ 8 ಡಿಗ್ರಿ 34 ಮಿನಿಟು, ಡಿಗ್ರಿಗೆ 60 ಮಿನಿಟಿನಂತೆ 514 ಮಿನಿಟು. ಅಕ್ಷಾಂಶದ ಒಂದು ಮಿನಿಟಿಗೆ ಒಂದು ನಾಟಿಕಲ್ ಮೈಲಿ: ಆ ಮೈಲಿ ಹುಟ್ಟಿದ್ದೇ ಹಾಗೆ. ಹಾಗಾಗಿ 514 ನಾಟಿಕಲ್ ಮೈಲಿ. ಅದನ್ನು 1.852ರಿಂದ ಗುಣಿಸಿದರೆ 952 ಕಿಲೋಮೀಟರ್. ಉತ್ತರದ ಕಡೆಗಿನ ನಡೆ ಅಷ್ಟು.

ಇನ್ನು ಪಶ್ಚಿಮಕ್ಕೆ ಸರಿದದ್ದು. ರೇಖಾಂಶದಲ್ಲಿ ವ್ಯತ್ಯಾಸ ಮೂರೂವರೆ ಡಿಗ್ರಿಗೆ ಸ್ವಲ್ಪ ಕಡಿಮೆ. ಬೆಂಗಳೂರಿನ ಅಕ್ಷಾಂಶದಲ್ಲಿ ರೇಖಾಂಶದ ಒಂದು ಡಿಗ್ರಿ ಎಂದರೆ 108 ಕಿಲೋಮೀಟರ್. ಮೇಲೆ ಹೋದಂತೆ ರೇಖೆಗಳೆಲ್ಲ ಕೊಡೆಯ ಕಡ್ಡಿಗಳಂತೆ ತುದಿಯತ್ತ ಒತ್ತರಿಸುತ್ತವೆ. 74 ಡಿಗ್ರಿಯ ಆಸುಪಾಸಿನಲ್ಲಿ ಅದೇ ಒಂದು ಡಿಗ್ರಿ ಮೂವತ್ತೊಂದು ಕಿಲೋಮೀಟರ್‌ಗೆ ಇಳಿದಿರುತ್ತದೆ. ಆದ್ದರಿಂದ ಪಶ್ಚಿಮಕ್ಕೆ ಸರಿದದ್ದು ಸುಮಾರು 106 ಕಿಲೋಮೀಟರ್. 952ರ ವರ್ಗ, 106ರ ವರ್ಗ, ಎರಡನ್ನೂ ಕೂಡಿಸಿ ವರ್ಗಮೂಲ ತೆಗೆಯಿರಿ: 958. ಪ್ರೌಢಶಾಲೆಯ ಪೈಥಾಗೊರಸ್ ಪ್ರಮೇಯ ಉತ್ತರ ಧ್ರುವದ ಹೊಸ್ತಿಲವರೆಗೂ ಬರುತ್ತದೆ. ಪೂರ್ವ–ಪಶ್ಚಿಮವಾಗಿ ಸಾವಿರಾರು ಕಿಲೋಮೀಟರ್ ಹಾರುವ ದಾರಿಗಳಿಗೆ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಗೋಳದ ತ್ರಿಕೋನಮಿತಿಯೇ ಬೇಕು.

ಹಾಗಾದರೆ ಒಂದು ಕಡೆ 958, ಇನ್ನೊಂದು ಕಡೆ 961 ಎಂದಿರುವುದೇಕೆ?

ಮೊದಲನೆಯದು ಭೂಮಿಯನ್ನು ಸರಿಯಾದ ಚೆಂಡೆಂದು ನಂಬಿ ಹಾಕಿದ ಲೆಕ್ಕ. ಭೂಮಿ ಧ್ರುವಗಳ ಬಳಿ ತುಸು ಚಪ್ಪಟೆ. ಹಾಗಾಗಿ ಅಲ್ಲಿ ಅಕ್ಷಾಂಶದ ಒಂದು ಡಿಗ್ರಿ ಸ್ವಲ್ಪ ಉದ್ದ. ಅದನ್ನು ಸೇರಿಸಿಕೊಂಡರೆ ಮೂರು ಕಿಲೋಮೀಟರ್ ಹೆಚ್ಚುತ್ತದೆ. ಎರಡೂ ತಪ್ಪಲ್ಲ, ಮತ್ತು ವಿಮಾನ ಯಾವ ದಿನವೂ ಈ ಎರಡರಲ್ಲಿ ಒಂದನ್ನು ಕರಾರುವಾಕ್ಕಾಗಿ ಹಾರುವುದಿಲ್ಲ. ಏರುವ ದಿಕ್ಕು, ಇಳಿಯುವ ದಿಕ್ಕು, ಮೋಡ ತಪ್ಪಿಸುವ ಸುತ್ತು, ಎಲ್ಲ ಸೇರಿ ಇಪ್ಪತ್ತೋ ಮೂವತ್ತೋ ಕಿಲೋಮೀಟರ್ ಹೆಚ್ಚೇ ಆಗುತ್ತದೆ.

ಭೂಪಟದಲ್ಲಿ ನೋಡಿದರೆ ಇದು ಬೆಂಗಳೂರು–ದೆಹಲಿಗಿಂತ ಎಷ್ಟೋ ದೂರ ಕಾಣುತ್ತದೆಯಲ್ಲ?

ಕಾಣುತ್ತದೆ, ಮತ್ತು ಅದು ಶುದ್ಧ ಮೋಸ. ಮೊಬೈಲಿನಲ್ಲಿ ನಾವು ಬೆರಳಾಡಿಸುವ ಚಪ್ಪಟೆ ನಕ್ಷೆಗಳು ಹೆಚ್ಚಾಗಿ ಮರ್ಕೇಟರ್ ಕ್ರಮದವು. ದಿಕ್ಕು ಕೆಡದಿರಲೆಂದು ಅವು ಅಳತೆಯನ್ನು ಬಲಿಕೊಡುತ್ತವೆ. ಟ್ರೊಮ್ಸೊ ಬಳಿ ನೆಲ ಸುಮಾರು ಮೂರು ಪಟ್ಟು ಹಿಗ್ಗಿರುತ್ತದೆ, ಲಾಂಗಿಯರ್‌ಬ್ಯೆನ್ ಬಳಿ ಐದು ಪಟ್ಟಿನ ಹತ್ತಿರ. ಬೆಂಗಳೂರು–ದೆಹಲಿ ನೇರ ದೂರ 1,700 ಕಿಲೋಮೀಟರ್ ದಾಟುತ್ತದೆ, ನಮ್ಮ ದಾರಿ ಅದರ ಅರ್ಧಕ್ಕಿಂತ ತುಸು ಹೆಚ್ಚು ಅಷ್ಟೇ. ಆದರೂ ನಕ್ಷೆಯ ಮೇಲೆ ಸ್ಕೇಲ್ ಇಟ್ಟರೆ ಟ್ರೊಮ್ಸೊ–ಲಾಂಗಿಯರ್‌ಬ್ಯೆನ್ ಗೆರೆಯೇ ಹೆಚ್ಚುಕಡಿಮೆ ಎರಡು ಪಟ್ಟು ಉದ್ದ ಬರುತ್ತದೆ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಅದರ ಮೇಲೆ ನೂಲು ಹಿಡಿದು ನೋಡಿ, ಸತ್ಯ ತಿಳಿಯುತ್ತದೆ.

ಹಾರಾಟಕ್ಕೆ ನಿಜವಾಗಿ ಎಷ್ಟು ಸಮಯ?

ವೇಳಾಪಟ್ಟಿಯಲ್ಲಿ ಸಾಮಾನ್ಯವಾಗಿ 1 ಗಂಟೆ 35 ನಿಮಿಷದಿಂದ 1 ಗಂಟೆ 45 ನಿಮಿಷದವರೆಗೆ ಇರುತ್ತದೆ. ಬೋಯಿಂಗ್ 737 ಅಥವಾ ಏರ್‌ಬಸ್ 320 ವರ್ಗದ ಜೆಟ್ ಎತ್ತರದಲ್ಲಿ ಗಂಟೆಗೆ 830 ಕಿಲೋಮೀಟರ್‌ನ ಆಸುಪಾಸಿನಲ್ಲಿ ಸಾಗುತ್ತದೆ. ಬರೀ ಭಾಗಿಸಿದರೆ ಎಪ್ಪತ್ತು ನಿಮಿಷ ಎನ್ನಬೇಕು. ಆದರೆ ಏರುವಾಗಲೂ ಇಳಿಯುವಾಗಲೂ ಆ ವೇಗವಿರುವುದಿಲ್ಲ. ಜೊತೆಗೆ ವೇಳಾಪಟ್ಟಿಯ ಸಮಯ ಲೆಕ್ಕವಾಗುವುದು ವಿಮಾನ ತನ್ನ ಜಾಗ ಬಿಟ್ಟ ಗಳಿಗೆಯಿಂದ ಇನ್ನೊಂದು ಕಡೆ ನಿಲ್ಲುವ ಗಳಿಗೆಯವರೆಗೆ. ಚಳಿಗಾಲದಲ್ಲಿ ಟ್ರೊಮ್ಸೊದಲ್ಲಿ ರೆಕ್ಕೆಗಳ ಮೇಲಿನ ಹಿಮ ತೊಳೆಯಲು ದ್ರಾವಣ ಎರಚುತ್ತಾರೆ. ಬಾಗಿಲು ಮುಚ್ಚಿದ ಮೇಲೆ ಹತ್ತು ನಿಮಿಷ ಕಿಟಕಿಯ ಮೇಲೆ ಆ ದ್ರಾವಣ ಗಂಜಿಯಂತೆ ಇಳಿಯುವುದನ್ನು ನೋಡುತ್ತ ಕೂರಬೇಕಾದೀತು.

ಹೋಗುವಾಗ, ಬರುವಾಗ ಸಮಯದಲ್ಲಿ ವ್ಯತ್ಯಾಸವಿದೆಯೇ?

ಹೇಳಿಕೊಳ್ಳುವಷ್ಟಿಲ್ಲ. ಮೇಲಿನ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ, ದಾರಿ ಇರುವುದು ದಕ್ಷಿಣೋತ್ತರವಾಗಿ. ಗಾಳಿ ಪಕ್ಕೆಗೆ ತಾಗುತ್ತದೆಯೇ ಹೊರತು ಬೆನ್ನಿಗೂ ಎದೆಗೂ ಅಷ್ಟಾಗಿ ತಾಗುವುದಿಲ್ಲ.

ಗಡಿಯಾರ ತಿದ್ದಿಕೊಳ್ಳಬೇಕೇ?

ಬೇಡ. ಎರಡೂ ಕಡೆ ಮಧ್ಯ ಯುರೋಪಿನ ಸಮಯ. ಚಳಿಗಾಲದಲ್ಲಿ ಭಾರತ ನಾಲ್ಕೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಮುಂದೆ.

ಸ್ವಾಲ್ಬಾರ್ಡ್ ನಾರ್ವೆಯದೇ ಅಲ್ಲವೇ? ಮತ್ತೆ ಪಾಸ್‌ಪೋರ್ಟ್ ತಪಾಸಣೆ ಏಕೆ?

ಭಾರತೀಯರು ಎಡವುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಓದಿ. 1920ರಲ್ಲಿ ಪ್ಯಾರಿಸ್‌ನಲ್ಲಿ ಆದ ಒಪ್ಪಂದದಂತೆ ಸ್ವಾಲ್ಬಾರ್ಡ್ ಮೇಲೆ ನಾರ್ವೆಗೆ ಸಾರ್ವಭೌಮತ್ವ ಸಿಕ್ಕಿತು. ಆದರೆ ಸಹಿ ಹಾಕಿದ ದೇಶಗಳ ಪ್ರಜೆಗಳಿಗೆ ಅಲ್ಲಿ ಮೀನು ಹಿಡಿಯಲು, ಬೇಟೆಯಾಡಲು, ಗಣಿ ತೋಡಲು, ವ್ಯಾಪಾರ ಮಾಡಲು ಸಮಾನ ಹಕ್ಕು ಎಂಬ ಷರತ್ತೂ ಇತ್ತು. ಬ್ರಿಟನ್ನಿನ ಜೊತೆ ಅಂದಿನ ಭಾರತದ ಹೆಸರೂ ಆ ಒಪ್ಪಂದದಲ್ಲಿದೆ. ಆ ಒಪ್ಪಂದದಿಂದಾಗಿ ಸ್ವಾಲ್ಬಾರ್ಡ್, ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಷೆಂಗೆನ್ ವಲಯದ ಹೊರಗಿದೆ, ಅಲ್ಲಿಗೆ ಪ್ರತ್ಯೇಕ ವೀಸಾ ಬೇಕಿಲ್ಲ.

ಕೇಳಲು ಸೊಗಸಾಗಿದೆ. ಆದರೆ ಅಲ್ಲಿಗೆ ಹೋಗಲು ನಾರ್ವೆಯ ಮುಖ್ಯಭೂಮಿ ಮುಟ್ಟಲೇಬೇಕು, ಮರಳುವಾಗಲೂ ಮುಟ್ಟಲೇಬೇಕು. ಟ್ರೊಮ್ಸೊದಿಂದ ಹೊರಟಾಗ ನೀವು ಷೆಂಗೆನ್ ವಲಯದಿಂದ ಹೊರಬಿದ್ದಂತೆ, ಪಾಸ್‌ಪೋರ್ಟಿಗೆ ಲೆಕ್ಕ ಬೀಳುತ್ತದೆ. ವಾಪಸು ಬಂದಾಗ ಎರಡನೆಯ ಪ್ರವೇಶ. ಒಂದೇ ಪ್ರವೇಶದ ವೀಸಾ ಹಿಡಿದು ಹೋದರೆ ಹೋಗುವುದು ಸಲೀಸು, ಬರುವುದು ಫಜೀತಿ. ಅರ್ಜಿ ಹಾಕುವಾಗಲೇ ಎರಡು ಅಥವಾ ಹೆಚ್ಚು ಪ್ರವೇಶದ ವೀಸಾ ಕೇಳಿ. ಸ್ವಾಲ್ಬಾರ್ಡ್ ನಾರ್ವೆಯ ಸುಂಕದ ಗಡಿಯಿಂದಲೂ ಹೊರಗಿರುವುದರಿಂದ, ಬರುವಾಗ ಸುಂಕದವರ ಕಣ್ಣೂ ಚೀಲದ ಮೇಲಿರುತ್ತದೆ. ಮುಂದಿನ ವಿಮಾನಕ್ಕೆ ನಡುವೆ ಮುಕ್ಕಾಲು ಗಂಟೆ ಮಾತ್ರ ಇಟ್ಟುಕೊಳ್ಳುವ ಸಾಹಸ ಬೇಡ.

ಓಸ್ಲೊದಿಂದ ನೇರವಾಗಿ ಹೋಗುವುದು ಮೇಲೋ, ಟ್ರೊಮ್ಸೊ ಮೂಲಕವೋ?

ಓಸ್ಲೊದಿಂದ ನೇರ ವಿಮಾನಕ್ಕೆ ಸುಮಾರು 2,000 ಕಿಲೋಮೀಟರ್, ಮೂರು ಗಂಟೆ. ಲಾಂಗಿಯರ್‌ಬ್ಯೆನ್ ನೋಡುವುದೊಂದೇ ಗುರಿಯಾದರೆ ಅದೇ ಸುಲಭ. ಟ್ರೊಮ್ಸೊದಲ್ಲಿ ನಿಂತು ಹೋಗುವ ವಿಮಾನದಲ್ಲಿ, ಅದೇ ವಿಮಾನ ಮುಂದುವರಿಯುವುದಾದರೂ, ಪ್ರಯಾಣಿಕರು ಇಳಿದು ಪಾಸ್‌ಪೋರ್ಟ್ ತೋರಿಸಿ ಮತ್ತೆ ಹತ್ತಬೇಕಾಗುತ್ತದೆ. ಆಗ ಅರ್ಧ ನಿದ್ದೆ ಕೆಡುತ್ತದೆ. ಆದರೂ ನನ್ನ ಒಲವು ಟ್ರೊಮ್ಸೊ ಕಡೆಗೇ. ಒಂದೆರಡು ದಿನ ಅಲ್ಲಿ ಉಳಿದರೆ, ಚಳಿಗಾಲದ ರಾತ್ರಿಯ ಆಕಾಶದಲ್ಲಿ ಬಣ್ಣ ಚೆಲ್ಲುವ ಉತ್ತರದ ಬೆಳಕು ಕಾಣುವ ಅವಕಾಶವಿದೆ, ಹವಾಮಾನ ಕೆಟ್ಟರೆ ಕಾಯಲು ಊರೆಂಬ ಊರೂ ಇದೆ. ವಾರದ ಎಲ್ಲ ದಿನವೂ ಟ್ರೊಮ್ಸೊದಿಂದ ವಿಮಾನ ಇರುತ್ತದೆಂದು ಮಾತ್ರ ಭಾವಿಸಬೇಡಿ. ಋತುವಿಗೆ ತಕ್ಕಂತೆ ಬದಲಾಗುತ್ತದೆ, ಹೊರಡುವ ತಿಂಗಳ ವೇಳಾಪಟ್ಟಿ ನೋಡಿಯೇ ಹೋಟೆಲ್ ಕಾದಿರಿಸಿ.

ಅಲ್ಲಿ ತಲುಪಿದ ಮೇಲೆ ಇಳಿಯಲು ಆಗದಿದ್ದರೆ?

ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ಮರಳುತ್ತದೆ. ತಮಾಷೆಯ ಮಾತಲ್ಲ. ಬೇರೆ ಕಡೆ ಒಂದು ನಿಲ್ದಾಣ ಮುಚ್ಚಿದ್ದರೆ ಪಕ್ಕದ ಊರಿನಲ್ಲಿ ಇಳಿಸುತ್ತಾರೆ. ಇಲ್ಲಿ ಪಕ್ಕದ ಊರೆಂದರೆ ಹೆಚ್ಚುಕಡಿಮೆ ಸಾವಿರ ಕಿಲೋಮೀಟರ್ ಹಿಂದಿರುವ ನಾರ್ವೆಯ ಕರಾವಳಿಯೇ. ಸ್ವಾಲ್ಬಾರ್ಡ್‌ನಲ್ಲಿ ದೊಡ್ಡ ಜೆಟ್ ಇಳಿಯುವ ಇನ್ನೊಂದು ನಾಗರಿಕ ನಿಲ್ದಾಣವಿಲ್ಲ. ಆದ್ದರಿಂದ ಟ್ರೊಮ್ಸೊ ಬಿಡುವಾಗಲೇ ಹೋಗುವ ಇಂಧನ, ಅಲ್ಲಿ ಸುತ್ತು ಹಾಕುವ ಇಂಧನ, ಮರಳಿ ಬರುವ ಇಂಧನ ಎಲ್ಲವನ್ನೂ ತುಂಬಿಕೊಂಡಿರುತ್ತದೆ. ಹೀಗೆ ಮರಳಿದರೆ ಮೂರೂವರೆ ಗಂಟೆ ಹಾರಿ, ಹತ್ತಿದ ಬಾಗಿಲಲ್ಲೇ ಇಳಿದಿರುತ್ತೀರಿ. ಪ್ರಯಾಣ ಮಾಡಿದ ದೂರ 1,900 ಕಿಲೋಮೀಟರ್, ತಲುಪಿದ ದೂರ ಸೊನ್ನೆ.

ಚಳಿಗಾಲದಲ್ಲಿ ಸಮುದ್ರದ ಮೇಲೆ ಹಠಾತ್ತಾಗಿ ಹುಟ್ಟುವ ಸಣ್ಣ ಧ್ರುವೀಯ ಚಂಡಮಾರುತಗಳು, ಬೇಸಿಗೆಯಲ್ಲಿ ಮಂಜು: ಹೆಚ್ಚಾಗಿ ತೊಂದರೆ ಕೊಡುವವು ಇವೇ. ಬೇಸಿಗೆಯಲ್ಲಿ ತೊಂದರೆಯೇ ಇಲ್ಲವೆಂದು ನಂಬಿ ಬಂದವರು ಮಂಜಿಗೆ ಸಿಕ್ಕಿ ಪೆಚ್ಚಾಗುತ್ತಾರೆ. ಮರಳುವ ದಿನಕ್ಕೂ ಮನೆಯ ಕಡೆಯ ದೊಡ್ಡ ವಿಮಾನಕ್ಕೂ ನಡುವೆ ಒಂದು ದಿನವಾದರೂ ಬಿಡುವು ಇಟ್ಟುಕೊಳ್ಳಿ.

ಈ ದಾರಿ ಅಪಾಯದ್ದೇ?

ವಾಡಿಕೆಯ ಸಾಮಾನ್ಯ ದಾರಿ. ಲಾಂಗಿಯರ್‌ಬ್ಯೆನ್ ಬಳಿ ದೊಡ್ಡ ದುರಂತವೊಂದು ಆಗಿದ್ದು 1996ರ ಆಗಸ್ಟ್ 29ರಂದು. ಮಾಸ್ಕೋದಿಂದ ಬಂದ ಟುಪೊಲೆವ್–154 ವಿಮಾನ ಕೆಟ್ಟ ಹವೆಯಲ್ಲಿ ಇಳಿಯಲು ಹೊರಟು, ದಿಕ್ಕಿನ ಲೆಕ್ಕ ತಪ್ಪಿ ನಿಲ್ದಾಣದ ಪೂರ್ವಕ್ಕಿರುವ ಒಪೆರಾ ಬೆಟ್ಟಕ್ಕೆ ಬಡಿಯಿತು. ಅದರಲ್ಲಿದ್ದ 141 ಮಂದಿಯೂ ಸತ್ತರು. ಬಹಳ ಮಂದಿ ರಷ್ಯನ್ ಮತ್ತು ಉಕ್ರೇನಿನ ಗಣಿ ಕೆಲಸಗಾರರು, ಅವರ ಮನೆಯವರು. ನಾರ್ವೆಯ ನೆಲದಲ್ಲಿ ಅದಕ್ಕಿಂತ ದೊಡ್ಡ ವಿಮಾನ ದುರಂತ ಆಗಿಲ್ಲ.

ರನ್‌ವೇ ಹಿಮದ ಮೇಲಿದೆ ಎನ್ನುತ್ತಾರೆ, ನಿಜವೇ?

ಹಿಮದ ಮೇಲಲ್ಲ, ವರ್ಷವಿಡೀ ಹೆಪ್ಪುಗಟ್ಟಿಯೇ ಇರುವ ನೆಲದ ಮೇಲೆ. 1975ರಲ್ಲಿ ದೊರೆ ಐದನೆಯ ಓಲಾವ್ ಈ ನಿಲ್ದಾಣವನ್ನು ಉದ್ಘಾಟಿಸಿದರು. ಅದಕ್ಕೂ ಮೊದಲು ಚಳಿಗಾಲದಲ್ಲಿ ಸಮುದ್ರ ಹೆಪ್ಪುಗಟ್ಟಿ ಹಡಗು ನಿಂತರೆ, ವಸಂತದವರೆಗೆ ಊರು ಹೆಚ್ಚುಕಡಿಮೆ ತನ್ನ ಪಾಡಿಗೆ ತಾನು. ಈಗಿನ ರನ್‌ವೇ ಸುಮಾರು 2,480 ಮೀಟರ್ ಉದ್ದ. ಕೆಳಗಿನ ನೆಲದ ಮೇಲ್ಪದರ ಬೇಸಿಗೆಯಲ್ಲಿ ಕರಗಿ, ಚಳಿಗಾಲದಲ್ಲಿ ಉಬ್ಬಿ, ಮೇಲಿನ ಡಾಂಬರನ್ನು ಅಲುಗಿಸುತ್ತದೆ. ಹೀಗಾಗಿ ಪದೇ ಪದೇ ದುರಸ್ತಿ. ಇಳಿಯುವಾಗ ಚಕ್ರ ತುಸು ಕುಲುಕಿದರೆ ಪೈಲಟ್ಟನ್ನು ಬೈಯಬೇಡಿ. ಸಾಮಾನ್ಯ ಪ್ರಯಾಣಿಕರಿಗೆ ವೇಳಾಪಟ್ಟಿಯಂತೆ ವಿಮಾನ ಇರುವ ನಿಲ್ದಾಣಗಳಲ್ಲಿ ಪ್ರಪಂಚದಲ್ಲೇ ಅತ್ಯಂತ ಉತ್ತರದ್ದು ಇದು.

ಕಿಟಕಿಯಿಂದ ಏನು ಕಾಣುತ್ತದೆ?

ತಿಂಗಳು ಹೇಳಿ, ಆಮೇಲೆ ಉತ್ತರ. ಟ್ರೊಮ್ಸೊದಲ್ಲಿ ನಡುರಾತ್ರಿಯ ಸೂರ್ಯ, ಅಂದರೆ ರಾತ್ರಿಯೂ ಸೂರ್ಯ ಮುಳುಗದ ಕಾಲ, ಮೇ 20ರ ಹೊತ್ತಿಗೆ ಶುರುವಾಗಿ ಜುಲೈ 22ರ ಹೊತ್ತಿಗೆ ಮುಗಿಯುತ್ತದೆ. ಲಾಂಗಿಯರ್‌ಬ್ಯೆನ್‌ನಲ್ಲಿ ಏಪ್ರಿಲ್ 20ರ ಸುಮಾರಿಗೇ ಶುರು, ಆಗಸ್ಟ್ 22ರ ಸುಮಾರಿಗೆ ಕೊನೆ. ಈ ನಡುವಿನ ಅಂತರದಲ್ಲೇ ಈ ದಾರಿಯ ಸೊಗಸು ಇರುವುದು. ಮೇ ತಿಂಗಳ ಮೊದಲ ವಾರದಲ್ಲಿ ರಾತ್ರಿ ಹೊರಟಿರೆಂದುಕೊಳ್ಳಿ. ಟ್ರೊಮ್ಸೊದಲ್ಲಿ ಸೂರ್ಯ ಆಗಲೇ ಮುಳುಗಿದ್ದಾನೆ, ಕೆಳಗೆ ನೀಲಿ ಮಬ್ಬು. ವಿಮಾನ ಏರುತ್ತ ಉತ್ತರಕ್ಕೆ ಸಾಗಿದಂತೆ ಕೆಂಪು ಪಟ್ಟಿ ದಪ್ಪವಾಗುತ್ತದೆ, ಎಡಗಡೆಯ ಕಿಟಕಿಯ ಮುಂತುದಿಯಲ್ಲಿ ಮುಳುಗಿದ ಸೂರ್ಯ ಅದೇ ಕಡೆಯಿಂದ ಮೇಲೇಳುತ್ತಾನೆ. ಮುಳುಗಿದವನು ಮುಳುಗಿದ ದಿಕ್ಕಿನಲ್ಲೇ ಹುಟ್ಟುವುದನ್ನು ನೋಡಲು ಬೇರೆಲ್ಲೂ ಇಷ್ಟು ಸುಲಭವಿಲ್ಲ.

ಫೆಬ್ರವರಿ ಮೊದಲ ವಾರದಲ್ಲಿ ಇದರ ತಿರುಗುಮುರುಗು. ಟ್ರೊಮ್ಸೊದವರಿಗೆ ಸೂರ್ಯ ಜನವರಿ ಕೊನೆಯ ಹೊತ್ತಿಗೆ ಮರಳಿರುತ್ತಾನೆ. ನಡುಹಗಲು ಬಿಸಿಲಿನಲ್ಲಿ ಹತ್ತಿ, ಎರಡು ಗಂಟೆಯೊಳಗೆ ಸೂರ್ಯನಿಲ್ಲದ ಊರಿನಲ್ಲಿ ಇಳಿಯುತ್ತೀರಿ. ಲಾಂಗಿಯರ್‌ಬ್ಯೆನ್‌ನ ದಿಗಂತಕ್ಕೆ ಸೂರ್ಯ ಬರುವುದು ಫೆಬ್ರವರಿ ನಡುವಿನಲ್ಲಿ. ಸುತ್ತ ಬೆಟ್ಟಗಳಿರುವುದರಿಂದ ಊರೊಳಗೆ ಕಿರಣ ಬೀಳುವುದು ಮಾರ್ಚ್ 8ರಂದು. ಹಳೆಯ ಆಸ್ಪತ್ರೆಯ ಮೆಟ್ಟಿಲ ಬಳಿ ಮಕ್ಕಳೂ ಹಿರಿಯರೂ ಅದಕ್ಕಾಗಿ ನೆರೆದು ಕಾಯುತ್ತಾರೆ. ಯುಗಾದಿಯ ಸಂಭ್ರಮ ನೆನಪಾಗುವಂತಹ ದಿನ ಅದು.

ಇಳಿಯುವ ಮುನ್ನ ನಿಲ್ದಾಣದ ಮೇಲಿನ ಪ್ರಸ್ಥಭೂಮಿಯಲ್ಲಿ ಬಿಳಿಯ ದುಂಡು ಗುಮ್ಮಟಗಳು ಕಂಡರೆ ಅವು ಸ್ವಾಲ್‌ಸ್ಯಾಟ್ ಉಪಗ್ರಹ ಕೇಂದ್ರದವು. ಧ್ರುವದ ಮೇಲೆ ಸುತ್ತುವ ಉಪಗ್ರಹಗಳು ಪ್ರತಿ ಸುತ್ತಿನಲ್ಲೂ ಅದರ ಕಣ್ಣಿಗೆ ಬೀಳುತ್ತವೆ. 2008ರಲ್ಲಿ ತೆರೆದ ಜಾಗತಿಕ ಬೀಜ ಭಂಡಾರವೂ ಅದೇ ಬೆಟ್ಟದ ಹೊಟ್ಟೆಯಲ್ಲಿದೆ.

ಇಳಿದ ಮೇಲೆ ಊರು ಎಷ್ಟು ದೂರ?

ಐದು ಕಿಲೋಮೀಟರ್. ವಿಮಾನ ಬರುವ ಹೊತ್ತಿಗೆ ಬಸ್ ಬಂದು ನಿಂತಿರುತ್ತದೆ. ಸಾಮಾನು ಬರುವ ಪಟ್ಟಿಯ ನಡುವೆ ಹುಲ್ಲು ತುಂಬಿದ ಹಿಮಕರಡಿಯೊಂದು ನಿಂತಿದೆ. ಚೀಲಗಳು ಅದರ ಸುತ್ತ ಪ್ರದಕ್ಷಿಣೆ ಹಾಕುತ್ತವೆ. ಹೊರಗೆ ಬಂದರೆ ದೂರದ ನಗರಗಳಿಗೆ ಎಷ್ಟೆಷ್ಟು ಕಿಲೋಮೀಟರ್ ಎಂದು ಬರೆದ ಕೈಕಂಬವಿದೆ, ಪಕ್ಕದಲ್ಲಿ ಕರಡಿಯ ಚಿತ್ರದ ಎಚ್ಚರಿಕೆ. ಊರಿನ ಗಡಿಯಾಚೆ ಹೋಗುವವರ ಬಳಿ ಕರಡಿ ಬೆದರಿಸುವ ಸಾಧನ ಇರಲೇಬೇಕು. ನಡೆದು ನೋಡೋಣವೆಂದು ಒಬ್ಬರೇ ಹೊರಡುವ ಊರಲ್ಲ.

ಹಡಗಿನಲ್ಲಿ ಹೋಗಬಹುದೇ?

ಬೇಸಿಗೆಯಲ್ಲಿ ವಿಹಾರ ನೌಕೆಗಳಿವೆ. ಗಂಟೆಗೆ ಹದಿನೈದು ನಾಟಿಕಲ್ ಮೈಲಿ ಸಾಗಿದರೂ ನಿಲ್ಲದೆ ಒಂದೂವರೆ ದಿನ.

ಇಷ್ಟು ಪುಟ್ಟ ಊರಿಗೆ ಟ್ರೊಮ್ಸೊ ವಿಮಾನ ಅಷ್ಟು ಮುಖ್ಯವೇಕೆ?

ಲಾಂಗಿಯರ್‌ಬ್ಯೆನ್‌ನ ಜನಸಂಖ್ಯೆ ಸುಮಾರು 2,500. 1906ರಲ್ಲಿ ಕಲ್ಲಿದ್ದಲಿಗಾಗಿ ಈ ಊರು ಕಟ್ಟಿದ ಅಮೆರಿಕದ ಜಾನ್ ಮನ್ರೊ ಲಾಂಗಿಯರ್ ಅವರ ಹೆಸರೇ ಊರಿಗೆ ಉಳಿದಿದೆ. ‘ಬ್ಯೆನ್’ ಎಂದರೆ ಪಟ್ಟಣ. ಅಲ್ಲಿನ ಸಣ್ಣ ಆಸ್ಪತ್ರೆ ಟ್ರೊಮ್ಸೊದ ವಿಶ್ವವಿದ್ಯಾಲಯ ಆಸ್ಪತ್ರೆಯ ಒಂದು ಭಾಗ. ಕಾಯಿಲೆ ಕೈಮೀರಿದರೆ ರೋಗಿಯನ್ನು ವಿಮಾನದಲ್ಲಿ ಅಲ್ಲಿಗೇ ಕಳಿಸುತ್ತಾರೆ. ಬಸುರಿಯರು ದಿನ ತುಂಬುವ ಕೆಲವು ವಾರ ಮೊದಲೇ ಮುಖ್ಯಭೂಮಿಗೆ ಹೋಗುತ್ತಾರೆ. ನಮ್ಮಲ್ಲಿ ಬಾಣಂತನಕ್ಕೆ ತವರಿಗೆ ಹೋಗುವಂತೆಯೇ, ಆದರೆ ಇಲ್ಲಿ ತವರಿಗಿಂತ ಮುಖ್ಯ ಹೆರಿಗೆ ಕೊಠಡಿ. ಆ ಮನೆಗಳಲ್ಲಿ 960 ಕಿಲೋಮೀಟರ್ ಎಂಬ ಅಂಕಿಗೆ ಪ್ರವಾಸದ ನೆಂಟಸ್ತಿಕೆ ಏನೂ ಇಲ್ಲ.

ಟ್ರೊಮ್ಸೊದಿಂದ ಉತ್ತರಕ್ಕೆ ಮೊದಲೂ ಹಾರಿದವರಿದ್ದರೇ?

ಇದ್ದರು, ಎಲ್ಲರೂ ಮರಳಲಿಲ್ಲ. ದಕ್ಷಿಣ ಧ್ರುವವನ್ನು ಮೊದಲು ಮುಟ್ಟಿದ ರುವಾಲ್ ಅಮುಂಡ್ಸನ್ 1928ರ ಜೂನ್ 18ರಂದು ಟ್ರೊಮ್ಸೊದಿಂದಲೇ ಲೇಥಮ್ 47 ಎಂಬ ಸಮುದ್ರ ವಿಮಾನ ಹತ್ತಿದರು. ಸ್ವಾಲ್ಬಾರ್ಡ್‌ನ ಉತ್ತರದ ಹಿಮದಲ್ಲಿ ‘ಇಟಾಲಿಯಾ’ ವಾಯುನೌಕೆ ಬಿದ್ದು ಸಿಕ್ಕಿಕೊಂಡಿದ್ದ ಅದರ ನಾಯಕ ಉಂಬರ್ಟೊ ನೊಬಿಲೆ ಮತ್ತು ಸಂಗಡಿಗರನ್ನು ಹುಡುಕುವುದು ಅವರ ಉದ್ದೇಶ. ಇಬ್ಬರ ನಡುವೆ ಹಳೆಯ ಮನಸ್ತಾಪವಿತ್ತು, ಆದರೂ ಹೊರಟರು. ನೊಬಿಲೆ ಬದುಕಿ ಬಂದರು. ಅಮುಂಡ್ಸನ್ ಮತ್ತು ಜೊತೆಗಿದ್ದ ಐವರು ಬರಲಿಲ್ಲ. ಬೇಸಿಗೆಯ ಕೊನೆಗೆ ಆ ವಿಮಾನವನ್ನು ನೀರಿನ ಮೇಲೆ ತೇಲಿಸುವ ಒಂದು ಫ್ಲೋಟ್ ಮಾತ್ರ ಕರಾವಳಿಯ ಬಳಿ ಸಿಕ್ಕಿತು. ಇಂದು ಚಹಾ ಲೋಟ ಹಿಡಿದು ನಾವು ದಾಟುವುದು ಅದೇ ನೀರನ್ನು.

ಬೆಂಗಳೂರಿನಿಂದ ಲೆಕ್ಕ ಹಾಕಿದರೆ ಒಟ್ಟು ಎಷ್ಟು ಸಮಯ?

ನೇರ ವಿಮಾನವಿಲ್ಲ. ಕೊಲ್ಲಿಯ ಅಥವಾ ಯುರೋಪಿನ ಒಂದು ನಗರದಲ್ಲಿ ಬದಲಿಸಿ ಓಸ್ಲೊ, ಅಲ್ಲಿಂದ ಟ್ರೊಮ್ಸೊ, ಆಮೇಲೆ ಈ ಕೊನೆಯ ಹಾರಾಟ. ನಡುವೆ ಒಂದು ರಾತ್ರಿ ತಂಗುವುದು ಸೇರಿ ಎರಡು ದಿನ ಎಂದುಕೊಂಡು ಹೊರಡಿ. ಅದಕ್ಕಿಂತ ಬೇಗ ತಲುಪಿದರೆ ಅದೃಷ್ಟ.

ಲಾಂಗಿಯರ್‌ಬ್ಯೆನ್‌ನಿಂದಲೂ ಆಚೆಗೆ ವಿಮಾನವಿದೆಯೇ?

ಇದೆ, ಆದರೆ ಎಲ್ಲರಿಗೂ ಅಲ್ಲ. ಸುಮಾರು 110 ಕಿಲೋಮೀಟರ್ ವಾಯವ್ಯಕ್ಕೆ ನ್ಯೂ–ಓಲೆಸುಂಡ್ ಎಂಬ ಸಂಶೋಧಕರ ಊರಿದೆ. ಅರ್ಧ ಗಂಟೆಯೊಳಗಿನ ಹಾರಾಟ, ಹತ್ತಿಪ್ಪತ್ತು ಜನರ ಪುಟ್ಟ ವಿಮಾನ. ಈ ದಾರಿಯಲ್ಲಿ ಬಹುಕಾಲ ಹಾರಿರುವ ಡೋರ್ನಿಯರ್ 228 ಮಾದರಿಯನ್ನೇ ನಮ್ಮ ಎಚ್‌ಎಎಲ್ ಕಾನ್ಪುರದಲ್ಲಿ ತಯಾರಿಸುತ್ತದೆ. ಭಾರತದ ಹಿಮಾದ್ರಿ ಕೇಂದ್ರ 2008ರಿಂದ ನ್ಯೂ–ಓಲೆಸುಂಡ್‌ನಲ್ಲಿದೆ. 2023ರ ಡಿಸೆಂಬರ್‌ನಲ್ಲಿ ಭಾರತ ಮೊದಲ ಬಾರಿಗೆ ಚಳಿಗಾಲದ ತಂಡವನ್ನು ಅಲ್ಲಿಗೆ ಕಳಿಸಿದಾಗ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಅದರಲ್ಲಿದ್ದರು. ಬಾಹ್ಯಾಕಾಶದಿಂದ ಬರುವ ಕ್ಷೀಣ ರೇಡಿಯೊ ಸಂಕೇತ ಹಿಡಿಯಲು ರೇಡಿಯೊ ಅಲೆಗಳ ಮಟ್ಟಿಗೆ ಆ ಜಾಗ ಎಷ್ಟು ಸದ್ದಿಲ್ಲದ್ದು ಎಂದು ಅಳೆಯುವುದು ಅವರ ಕೆಲಸ. ಸದ್ದು ಕಡಿಮೆ ಇರಲು ಕಾರಣವೂ ಇದೆ: ಭೂಮಿಯ ಅಳತೆಗೆ ಬಳಸುವ ಅಲ್ಲಿನ ರೇಡಿಯೊ ದೂರದರ್ಶಕಗಳಿಗೆ ಅಡ್ಡಿಯಾಗಬಾರದೆಂದು ಸುತ್ತಲಿನ 20 ಕಿಲೋಮೀಟರ್‌ನಲ್ಲಿ ವೈಫೈ, ಬ್ಲೂಟೂತ್ ಎರಡೂ ನಿಷಿದ್ಧ. ವಿಮಾನ ಇಳಿದು ಬಾಗಿಲು ತೆರೆದ ಮೇಲೂ ಮೊಬೈಲನ್ನು ಫ್ಲೈಟ್ ಮೋಡ್‌ನಿಂದ ತೆಗೆಯುವಂತಿಲ್ಲ.